ಮಳೆ ಕುಡಿದ ಗೋಡೆಗೆ ಬಾಡಿಗೆದಾರರ ಅಡ್ವಾನ್ಸ್ ಯಾಕೆ ಮುರಿಯಬೇಕು?

ಪ್ರಶ್ನೆ: ನಾವು ಮಂಗಳೂರಿನ ಬಿಜೈಯಲ್ಲಿ ಒಂದು ಮನೆಯ ಮೇಲಿನ ಮಹಡಿಯಲ್ಲಿ 2022ರ ಮೇ ತಿಂಗಳಿಂದ ಬಾಡಿಗೆಗೆ ಇದ್ದೆವು. ಕೆಳಗಡೆ ಓನರ್ ಅಂಕಲ್ ಮನೆ. ಅಡ್ವಾನ್ಸ್ 70,000 ರೂಪಾಯಿ, ಕೊನೆಯ ಬಾಡಿಗೆ 14,000. ಅಗ್ರಿಮೆಂಟ್ ಮೊದಲ 11 ತಿಂಗಳಿಗೆ ಮಾತ್ರ ಮಾಡಿದ್ದು, ಆಮೇಲೆ ಹೊಸತು ಮಾಡಲಿಲ್ಲ. ದೊಡ್ಡ ರಿಪೇರಿ ಓನರ್‌ದು, ಸಣ್ಣ ರಿಪೇರಿ ನಮ್ಮದು, ಮನೆಗೆ ಹಾನಿ ಮಾಡಿದರೆ ಅಡ್ವಾನ್ಸ್‌ನಲ್ಲಿ ಮುರಿಯಬಹುದು, ಬಿಡುವಾಗ ಒಂದು ತಿಂಗಳ ನೋಟಿಸ್ ಕೊಡಬೇಕು ಎಂದು ಅದರಲ್ಲಿ ಇದೆ. ಪೇಂಟಿಂಗ್ ಬಗ್ಗೆ ಏನೂ ಇಲ್ಲ. 2025ರ ಜೂನ್ 12ಕ್ಕೆ ವಾಟ್ಸಾಪ್‌ನಲ್ಲಿ ತಿಳಿಸಿ, 30ಕ್ಕೆ ಕೀ ಕೊಟ್ಟೆವು. 'ಮಳೆ ನಿಲ್ಲಲಿ, ಪೇಂಟಿಂಗ್ ಆದ ಮೇಲೆ ಲೆಕ್ಕ ಮಾಡುವಾ' ಅಂದರು. ದೀಪಾವಳಿ ಕಳೆದ ಮೇಲೆ 26,000 ಹಾಕಿದ್ದಾರೆ. ಉಳಿದ 44,000ಕ್ಕೆ ಒಂದು ಚೀಟಿ: ಪೇಂಟಿಂಗ್ 24,000, ನಲ್ಲಿ 2,200, ಕಿಟಕಿಯ ನೆಟ್ 2,500, ಕರೆಂಟ್ ಬಿಲ್ 1,300, ಸರಿಯಾಗಿ ನೋಟಿಸ್ ಕೊಡದ್ದಕ್ಕೆ ಒಂದು ತಿಂಗಳ ಬಾಡಿಗೆ 14,000. 'ನೀವು ಬಿಟ್ಟ ಕೂಡಲೇ ಆಟಿ (ಶುಭ ಕೆಲಸ ಮಾಡದ ತುಳು ತಿಂಗಳು) ಬಂತು, ಆಟಿಯಲ್ಲಿ ಯಾರು ಬರ್ತಾರೆ, ಮನೆ ಖಾಲಿ ಬಿತ್ತು' ಅನ್ನುತ್ತಾರೆ. ಹಾಲ್‌ನ ಗೋಡೆ ಪ್ರತಿ ಮಳೆಗೆ ನೀರು ಕುಡಿದು ಬೂಷ್ಟು ಹಿಡಿಯುತ್ತಿತ್ತು. ಎರಡು ವರ್ಷ ಹಿಂದೆಯೇ ಫೋಟೊ ಕಳಿಸಿದ್ದೆ. ನೆಟ್ ನಮ್ಮ ಬೆಕ್ಕು ಹರಿದದ್ದು ನಿಜ. ಬೆಡ್‌ರೂಮಿನ ಒಂದು ಗೋಡೆಯಲ್ಲಿ ಮಗ ಕ್ರೇಯಾನ್‌ನಲ್ಲಿ ಬರೆದದ್ದೂ ನಿಜ. ಅಗ್ರಿಮೆಂಟೇ ಮುಗಿದಿರುವಾಗ ನಾನು ಏನು ಕೇಳಬಹುದು? ಪೊಲೀಸರಿಗೆ ದೂರು ಕೊಡಲಾ? ಇನ್ನೊಂದು, ಈಗ ಕಾವೂರಿನಲ್ಲಿ ಹಿಡಿದಿರುವ ಮನೆಯ ಓನರ್ 'ಅಗ್ರಿಮೆಂಟ್ ಎಂತಕೆ, ನಂಬಿಕೆ ಸಾಕು' ಅನ್ನುತ್ತಿದ್ದಾರೆ. ಒಪ್ಪಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾದದ್ದು ಬೆಕ್ಕು ಮತ್ತು ಕ್ರೇಯಾನ್. ಅಡ್ವಾನ್ಸ್ ಜಗಳ ಹಿಡಿದುಕೊಂಡು ನನ್ನ ಆಫೀಸಿಗೆ ಬರುವವರಲ್ಲಿ ಹೆಚ್ಚಿನವರು 'ನಮ್ಮದು ಒಂದು ರೂಪಾಯಿಯ ತಪ್ಪೂ ಇಲ್ಲ' ಎಂದೇ ಮಾತು ಶುರು ಮಾಡುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಮುರಿದ ಬೇಸಿನ್ ಹೊರಗೆ ಬರುತ್ತದೆ. ನೀವು ಮೊದಲೇ ಹೇಳಿದ್ದೀರಿ. ಇದು ನಿಮಗೆ ನಷ್ಟವಲ್ಲ, ಲಾಭ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಮೊದಲು ಅಡ್ವಾನ್ಸ್ ಯಾರ ಹಣ ಎನ್ನುವುದು. ಆ 70,000 ನಿಮ್ಮದು. ಓನರ್ ಕೈಯಲ್ಲಿ ಭದ್ರತೆಗೆ ಇಟ್ಟದ್ದು, ಅಷ್ಟೇ. ಬಾಡಿಗೆ ಬಾಕಿ ಇದ್ದರೆ, ನೀವು ಹಾನಿ ಮಾಡಿದ್ದರೆ ಅದರಲ್ಲಿ ಮುರಿದುಕೊಳ್ಳಬಹುದು. ಆದರೆ ಮುರಿಯುವುದಕ್ಕೆ ಕಾರಣ ಇತ್ತು, ಖರ್ಚು ಇಷ್ಟೇ ಆಯಿತು ಎಂದು ತೋರಿಸಬೇಕಾದವರು ಅವರು. 'ಹಾನಿ ಮಾಡಿಲ್ಲ' ಎಂದು ನೀವು ರುಜು ಮಾಡುತ್ತಾ ಕೂರಬೇಕಾಗಿಲ್ಲ. ನಮ್ಮ ಊರಲ್ಲಿ ಇದು ತಲೆಕೆಳಗಾಗಿದೆ. ಹಣ ಓನರ್ ಹತ್ತಿರ ಇರುವುದರಿಂದ ನ್ಯಾಯವೂ ಅವರ ಹತ್ತಿರವೇ ಇದೆ ಎಂದು ಇಬ್ಬರೂ ನಂಬಿಬಿಟ್ಟಿದ್ದಾರೆ.

ಇನ್ನು ಯಾವ ಕಾನೂನು ಎಂಬ ಪ್ರಶ್ನೆ. 'ರೆಂಟ್ ಆ್ಯಕ್ಟ್ ಉಂಟಲ್ಲ ಸಾರ್' ಎಂದು ತುಂಬಾ ಜನ ಕೇಳುತ್ತಾರೆ. ಉಂಟು. ಕರ್ನಾಟಕ ಬಾಡಿಗೆ ಕಾಯ್ದೆ, 1999. ಅದಕ್ಕೆ ಮೊದಲು ಇದ್ದದ್ದು 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಆದರೆ ಹೊಸ ಕಾಯ್ದೆ ವಾಸದ ಮನೆಗಳಲ್ಲಿ ತಿಂಗಳಿಗೆ ಹೆಚ್ಚೆಂದರೆ 3,500 ರೂಪಾಯಿ ಬಾಡಿಗೆಯ ಮನೆಗಳಿಗೆ ಮಾತ್ರ ಹಿಡಿಯುತ್ತದೆ. ಸಣ್ಣ ಊರುಗಳಲ್ಲಿ ಆ ಮಿತಿ 2,000. ಇವತ್ತು ಮಂಗಳೂರಿನಲ್ಲಿ 3,500ಕ್ಕೆ ಸಿಗುವುದು ಯಾವ ಮನೆ? ಯಾವುದೋ ಕಾಲದಿಂದ ಇರುವ ಹಳೇ ಹಂಚಿನ ಮನೆಯ ಬಾಡಿಗೆದಾರರಿಗೆ ಅದು ಉಪಯೋಗಕ್ಕೆ ಬರಬಹುದು. ನಿಮ್ಮದು 14,000. ಹಾಗಾಗಿ ನಿಮ್ಮ ವ್ಯವಹಾರ ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ, 1872ರ ಕರಾರು ಕಾಯ್ದೆ ಮತ್ತು ನಿಮ್ಮ ಅಗ್ರಿಮೆಂಟ್ ಮೇಲೆ. ಎರಡೂ ಅಜ್ಜನ ಕಾಲದ ಕಾಯ್ದೆಗಳು. ಆದರೆ ನಿಮ್ಮ ಪ್ರಶ್ನೆಗೆ ಸಾಕು.

'ಅಗ್ರಿಮೆಂಟ್ ಮುಗಿದಿದೆ' ಎಂಬ ನಿಮ್ಮ ಹೆದರಿಕೆಯನ್ನು ಇಲ್ಲೇ ಬಿಡಿ. 11 ತಿಂಗಳು ಎಂಬುದರಲ್ಲಿ ಮಂತ್ರ ಏನೂ ಇಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಆ ಖರ್ಚು, ಓಡಾಟ ಬೇಡ ಎಂದು ಜನ ಒಂದು ತಿಂಗಳು ಕಡಿಮೆ ಬರೆಯುತ್ತಾರೆ. 2023ರ ಮಾರ್ಚ್ ಕೊನೆಗೆ ನಿಮ್ಮ ಅವಧಿ ಮುಗಿಯಿತು. ಏಪ್ರಿಲ್‌ನಲ್ಲಿ ನೀವು ಬಾಡಿಗೆ ಹಾಕಿದಿರಿ, ಅವರು ತೆಗೆದುಕೊಂಡರು. ಅಲ್ಲಿಂದ ನಿಮ್ಮದು ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆ. ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಬೇರೆ ಮಾತು ಆಗದಿದ್ದರೆ ಹಳೇ ಕರಾರಿನ ಷರತ್ತುಗಳೇ ಮುಂದುವರಿಯುತ್ತವೆ. ಅಂದರೆ ದೊಡ್ಡ ರಿಪೇರಿ ಓನರ್‌ದು ಎಂಬ ಮಾತು ಉಳಿದಿದೆ. ಒಂದು ತಿಂಗಳ ನೋಟಿಸ್ ಎಂಬ ಮಾತೂ ಉಳಿದಿದೆ. ನಮಗೆ ಬೇಕಾದದ್ದು ಮಾತ್ರ ಉಳಿಯಲಿ ಎಂದರೆ ಆಗುವುದಿಲ್ಲ, ಅಲ್ವಾ?

ಈಗ ಚೀಟಿ. ದೊಡ್ಡದರಿಂದ ಶುರು ಮಾಡುವಾ.

ಪೇಂಟಿಂಗ್ 24,000. ಬಾಡಿಗೆದಾರರು ಮನೆಯನ್ನು ಹೇಗೆ ತೆಗೆದುಕೊಂಡರೋ ಹಾಗೆ ವಾಪಸ್ ಕೊಡಬೇಕು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಹೇಳುತ್ತದೆ. ಓನರ್‌ಗಳಿಗೆ ಈ ಭಾಗ ಬಾಯಿಪಾಠ. ಅದೇ ವಾಕ್ಯದ ಮುಂದಿನ ತುಂಡು ಯಾರಿಗೂ ನೆನಪಿರುವುದಿಲ್ಲ: ಸಹಜ ಬಳಕೆಯ ಸವೆತ ಮತ್ತು ತಡೆಯಲಾಗದ ಪ್ರಕೃತಿಯ ಶಕ್ತಿಯಿಂದ ಆದ ಬದಲಾವಣೆ ಬಾಡಿಗೆದಾರರ ತಲೆಗೆ ಬರುವುದಿಲ್ಲ. ಮೂರು ವರ್ಷದಲ್ಲಿ ಬಣ್ಣ ಮಾಸುವುದು ಸವೆತ. ಕ್ಯಾಲೆಂಡರಿಗೆ ಹೊಡೆದ ಎರಡು ಮೊಳೆ, ಸ್ವಿಚ್ ಬೋರ್ಡಿನ ಸುತ್ತ ಕೈ ತಾಗಿ ಕಪ್ಪಾದದ್ದು, ಸೋಫಾ ಒರಗಿದ ಗುರುತು, ಇವೆಲ್ಲ ಸವೆತ. ಮನೆಯಲ್ಲಿ ಮನುಷ್ಯರು ಇದ್ದರು ಎನ್ನುವುದಕ್ಕೆ ಗುರುತು, ಅಷ್ಟೆ.

ಹಾಲ್‌ನ ಗೋಡೆಯ ವಿಷಯ ಇನ್ನೂ ಸ್ಪಷ್ಟ. ನಮ್ಮ ಊರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಕೆಂಪುಕಲ್ಲಿನ ಗೋಡೆ ನೀರು ಕುಡಿಯುತ್ತದೆ. ಸ್ಲ್ಯಾಬಿನಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಸಾಕು, ಆಟಿಯ ಹೊತ್ತಿಗೆ ಸೀಲಿಂಗಿನಲ್ಲಿ ಭೂಪಟ ಬಿಡಿಸಿರುತ್ತದೆ. ಇದಕ್ಕೇ ಅಲ್ವಾ ಇಲ್ಲಿಯವರು ಚೆನ್ನಾಗಿರುವ ಟೆರೇಸಿನ ಮೇಲೂ ಶೀಟಿನ ಮಾಡು (ಛಾವಣಿ) ಹಾಕಿಸುವುದು! ಬೆಂಗಳೂರಿನಿಂದ ಬಂದವರು ನೋಡಿ ನಗುತ್ತಾರೆ, ಒಂದು ಮಳೆಗಾಲ ಕಳೆದ ಮೇಲೆ ನಗುವುದಿಲ್ಲ. ಟೆರೇಸಿನ ಸೋರಿಕೆ ನಿಲ್ಲಿಸುವುದು ಮೇಲೆ ಇದ್ದ ಬಾಡಿಗೆದಾರರ ಕೆಲಸ ಅಲ್ಲ. ನಿಮ್ಮ ಅಗ್ರಿಮೆಂಟಿನಲ್ಲೇ ದೊಡ್ಡ ರಿಪೇರಿ ಓನರ್‌ದು ಎಂದಿದೆ. ಗೋಡೆ ನೀರು ಕುಡಿಯುತ್ತಿದೆ ಎಂದು ಫೋಟೊ ಸಮೇತ ತಿಳಿಸಿದ್ದೀರಿ. ಅವರು ಮಾಡಿಸಲಿಲ್ಲ. ಆಮೇಲೆ ಆ ಗೋಡೆಯ ಬೂಷ್ಟಿಗೆ ನಿಮ್ಮ ಹಣ ಮುರಿಯುವುದು ಯಾವ ಲೆಕ್ಕ?

ಇಲ್ಲಿ ಒಂದು ಎಚ್ಚರಿಕೆ, ನಿಮಗಲ್ಲ, ಓದುವ ಬೇರೆಯವರಿಗೆ. ಅಗ್ರಿಮೆಂಟಿನಲ್ಲಿ ರಿಪೇರಿಯ ಮಾತೇ ಇಲ್ಲದಿದ್ದರೆ ಓನರ್ ರಿಪೇರಿ ಮಾಡಿಸಲೇಬೇಕು ಎಂದು 1882ರ ಕಾಯ್ದೆ ಎಲ್ಲಿಯೂ ಸಾರಾಸಗಟಾಗಿ ಹೇಳುವುದಿಲ್ಲ. ಆಗ 'ಸೋರುತ್ತದೆ, ಮಾಡಿಸಿ' ಎಂದು ಹಠ ಹಿಡಿಯುವುದು ಕಷ್ಟ. ಆದರೆ ಸೋರಿಕೆಯ ಕಲೆಗೆ ಬಾಡಿಗೆದಾರರಿಂದ ಹಣ ಕೀಳುವುದು ಆಗಲೂ ಆಗುವುದಿಲ್ಲ. ಇನ್ನು 'ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿಯುತ್ತೇವೆ' ಎಂದು ಈಗ ತುಂಬಾ ಅಗ್ರಿಮೆಂಟ್‌ಗಳಲ್ಲಿ ಇರುತ್ತದೆ. ಅದಕ್ಕೆ ಸಹಿ ಹಾಕಿದ್ದರೆ ಮಾತು ಬೇರೆ. ಕಾಯ್ದೆಯ ಆ ಸೆಕ್ಷನ್ 'ಬೇರೆ ಕರಾರು ಇಲ್ಲದಿದ್ದರೆ' ಎಂದೇ ಶುರುವಾಗುತ್ತದೆ. ನಾವೇ ಒಪ್ಪಿ ಬರೆದುಕೊಟ್ಟದ್ದು ಮೊದಲು. ನಿಮ್ಮದರಲ್ಲಿ ಆ ಸಾಲು ಇಲ್ಲ. ಅದೃಷ್ಟ ಅನ್ನಿ.

ಹಾಗಾದರೆ ಪೇಂಟಿಂಗ್‌ಗೆ ಏನೂ ಕೊಡಬೇಡವಾ? ಕೊಡಬೇಕು. ಕ್ರೇಯಾನ್ ಗೋಡೆ ನಿಮ್ಮದೇ. ಕ್ರೇಯಾನ್ ಮೇಣ, ಅದರ ಮೇಲೆ ಬಣ್ಣ ಕೂರುವುದಿಲ್ಲ. ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ಎರಡು ಕೋಟ್. ಒಂದು ಗೋಡೆಗೆ ಮಾತ್ರ ಹೊಡೆದರೆ ಉಳಿದದ್ದಕ್ಕೆ ಹೊಂದುವುದಿಲ್ಲ, ಆ ರೂಮಿಗೇ ಹೊಡೆಯಬೇಕು. ಇಡೀ ಮನೆಗೆ 24,000 ಎಂದಾದರೆ ಒಂದು ರೂಮಿಗೆ 4,000 ಎಂದು ನೀವೇ ಒಪ್ಪಿಕೊಳ್ಳಿ. ಉಳಿದ 20,000ಕ್ಕೆ ಪೇಂಟರ್ ಕೊಟ್ಟ ಬಿಲ್ ಕೇಳಿ. ಅದರಲ್ಲಿ ಹೊರಗೋಡೆ, ಕೆಳಗಿನ ಸಿಟೌಟ್ ಎಲ್ಲಾ ಸೇರಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ಆಟಿ. ಇದನ್ನು ಓದಿ ನಾನು ನಕ್ಕದ್ದು ನಿಜ. ಆದರೆ ಅಂಕಲ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ನಮ್ಮಲ್ಲಿ ಆಟಿಯಲ್ಲಿ ಹಾಲು ಉಕ್ಕಿಸಿ ಹೊಸ ಮನೆಗೆ ಹೋಗುವವರು ಕಡಿಮೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬಾಡಿಗೆ ಮನೆಗಳ ಬ್ರೋಕರ್‌ಗಳೂ ಆರಾಮಾಗಿ ಇರುತ್ತಾರೆ. ಆದರೆ ಕಾನೂನಿಗೆ ಆಟಿಯೂ ಗೊತ್ತಿಲ್ಲ, ಅದರ ಮುಂದಿನ ತಿಂಗಳು ಸೋಣವೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನೋಟಿಸ್‌ನ ದಿನ. ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಹೇಳುತ್ತದೆ. ನೀವು 18 ದಿನ ಕೊಟ್ಟಿದ್ದೀರಿ. ಆದರೆ ಅಗ್ರಿಮೆಂಟಿನಲ್ಲಿ ಒಂದು ತಿಂಗಳು ಎಂದು ಒಪ್ಪಿದ್ದೀರಿ, ಅದೇ ನಡೆಯಬೇಕು. ಜೂನ್ 12ರ ನೋಟಿಸ್‌ಗೆ ತಿಂಗಳು ತುಂಬುವುದು ಜುಲೈ 12ಕ್ಕೆ. ನೀವು ಬಿಟ್ಟದ್ದು ಜೂನ್ 30ಕ್ಕೆ. ಕಡಿಮೆ ಬಿದ್ದದ್ದು 12 ದಿನ. 14,000ದ ಲೆಕ್ಕದಲ್ಲಿ ಸುಮಾರು 5,400. ಇಡೀ ತಿಂಗಳ ಬಾಡಿಗೆ ಅಲ್ಲ. ಕರಾರು ಮುರಿದರೆ ಆದ ನಷ್ಟಕ್ಕೆ ತಕ್ಕ ಪರಿಹಾರ, ಅದಕ್ಕಿಂತ ಜಾಸ್ತಿ ದಂಡವಲ್ಲ. ಕರಾರು ಕಾಯ್ದೆಯ 73, 74ನೇ ಸೆಕ್ಷನ್‌ಗಳ ತಿರುಳು ಇದು. ನೀವು ಸರಿಯಾಗಿ ಜುಲೈ 12ಕ್ಕೆ ಬಿಟ್ಟಿದ್ದರೂ ಆಟಿ ಬರುತ್ತಿತ್ತು, ಮನೆ ಖಾಲಿ ಇರುತ್ತಿತ್ತು. ಆಟಿಯ ನಷ್ಟ ನಿಮ್ಮಿಂದ ಆದದ್ದಲ್ಲ.

ಕರೆಂಟ್ ಬಿಲ್ 1,300 ನಿಮ್ಮ ಬಳಕೆಯದ್ದಾದರೆ ಮಾತಿಲ್ಲ. ಮೆಸ್ಕಾಂ ಬಿಲ್ಲಿನ ಫೋಟೊ ಕೇಳಿ, ರೀಡಿಂಗ್ ಯಾವ ದಿನದವರೆಗೆ ಎಂದು ನೋಡಿ, ಕೊಡಿ. ನೆಟ್ 2,500, ಬೆಕ್ಕಿನ ಲೆಕ್ಕ, ಕೊಡಿ. ನಲ್ಲಿಯ 2,200ದಲ್ಲಿ ವಾದ ಮಾಡಬಹುದು. ವಾಶರ್ ಬದಲಿಸುವುದು ಸಣ್ಣ ರಿಪೇರಿ, ನಿಮ್ಮದು. ಹಳೇ ನಲ್ಲಿ ಬೋರ್‌ವೆಲ್ ನೀರಿಗೆ ಜಂಗು ಹಿಡಿದು ಹೋದರೆ ಅದು ಸವೆತ. ಆದರೆ ನನ್ನನ್ನು ಕೇಳಿದರೆ 2,200ಕ್ಕೆ ಹಟ ಬೇಡ. ಒಪ್ಪಿಬಿಡಿ.

ಈಗ ಕೂಡಿಸಿ. ಕ್ರೇಯಾನ್ ರೂಮು 4,000, ನೋಟಿಸ್ 5,400, ಕರೆಂಟ್ 1,300, ನೆಟ್ 2,500, ನಲ್ಲಿ 2,200. ಒಟ್ಟು 15,400. ಅವರು ಹಿಡಿದದ್ದು 44,000. ನಿಮಗೆ ಬರಬೇಕಾದದ್ದು 28,600.

44,000 ಪೂರ್ತಿ ಕೇಳಿದರೆ ಏನು ತಪ್ಪು ಎಂದು ನೀವು ಕೇಳಬಹುದು. ತಪ್ಪಿಲ್ಲ. ಆದರೆ ಹಾಗೆ ಕೇಳಿದ ಪತ್ರಕ್ಕೆ 'ಬೆಕ್ಕು ನೆಟ್ ಹರಿದದ್ದು ಸುಳ್ಳಾ?' ಎಂಬ ಉತ್ತರ ಬರುತ್ತದೆ, ಜಗಳ ಬೆಕ್ಕಿನ ಮೇಲೆಯೇ ನಿಲ್ಲುತ್ತದೆ. ಒಪ್ಪಬೇಕಾದದ್ದನ್ನು ನೀವೇ ಮೊದಲು ಒಪ್ಪಿ ಬರೆದರೆ ಎದುರಿನವರಿಗೆ ಹಿಡಿಯಲು ತುದಿ ಸಿಗುವುದಿಲ್ಲ. ನಾಳೆ ರಾಜಿ ಮಾಡಿಸುವ ಲೋಕ ಅದಾಲತ್‌ನಲ್ಲಿ ಕೂತವರಿಗೂ ಈ ಹೆಂಗಸು ಸುಮ್ನೆ ಬಂದವರಲ್ಲ ಎಂದು ಗೊತ್ತಾಗುತ್ತದೆ. ಇಪ್ಪತ್ತು ವರ್ಷದ ವಕೀಲಿಕೆಯಲ್ಲಿ ನಾನು ಕಂಡದ್ದು ಇದು.

ಪತ್ರವನ್ನು ಕನ್ನಡದಲ್ಲೇ ಬರೆಯಿರಿ. ಲೀಗಲ್ ನೋಟಿಸ್ ಮೊದಲೇ ಬೇಡ. ವಕೀಲರ ಲೆಟರ್‌ಹೆಡ್ ಕಂಡ ಕೂಡಲೇ ಎಪ್ಪತ್ತು ವರ್ಷದವರೂ ತೊಡೆ ತಟ್ಟುತ್ತಾರೆ. ಎರಡು ಪುಟ ಸಾಕು. ಯಾವತ್ತು ಬಂದಿರಿ, ಎಷ್ಟು ಅಡ್ವಾನ್ಸ್, ಯಾವತ್ತು ಕೀ ಕೊಟ್ಟಿರಿ, ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಯಾಕೆ ಒಪ್ಪುವುದಿಲ್ಲ, ಬರಬೇಕಾದ 28,600ನ್ನು 15 ದಿನದಲ್ಲಿ ಯಾವ ಖಾತೆಗೆ ಹಾಕಬೇಕು. ಕೊನೆಗೆ ಒಂದು ಸಾಲು ಮರೆಯಬೇಡಿ: ಈ ದಿನದೊಳಗೆ ಕೊಡದಿದ್ದರೆ ಅಲ್ಲಿಂದ ಬಡ್ಡಿಯನ್ನೂ ಕೇಳುತ್ತೇನೆ. 1978ರ ಬಡ್ಡಿ ಕಾಯ್ದೆಯ ಪ್ರಕಾರ, ಬಡ್ಡಿ ಕೇಳುತ್ತೇನೆ ಎಂದು ಬರೆದು ತಿಳಿಸಿದ ದಿನದಿಂದ ಅದನ್ನು ಕೊಡಿಸಲು ಕೋರ್ಟಿಗೆ ಅಧಿಕಾರ ಇದೆ. ಬರೆಯದಿದ್ದರೆ ಅಷ್ಟು ದಿನದ ಬಡ್ಡಿ ಹೋಯಿತು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಅದೇ ಪತ್ರದ ಫೋಟೊವನ್ನು ವಾಟ್ಸಾಪ್‌ಗೂ ಹಾಕಿ.

ವಾಟ್ಸಾಪ್ ಎಂದಾಗ ನೆನಪಾಯಿತು. ಆ ಗೋಡೆಯ ಫೋಟೊ, ನಿಮ್ಮ ನೋಟಿಸ್, 'ಮಳೆ ನಿಲ್ಲಲಿ' ಎಂದ ಅವರ ಉತ್ತರ ಎಲ್ಲಾ ಆ ಫೋನಿನಲ್ಲಿ ಇದೆ. ಫೋನ್ ಬದಲಿಸುವ ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಹಳೇ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಂತೆ ಒಂದು ಪ್ರಮಾಣಪತ್ರದ ಜೊತೆ ಕೊಟ್ಟರೆ ಇಂಥ ಸಂದೇಶಗಳು ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಡೆಯುತ್ತವೆ. ಅಡ್ವಾನ್ಸ್ ಬ್ಯಾಂಕ್ ಮೂಲಕ ಕೊಟ್ಟಿದ್ದರೆ ಸ್ಟೇಟ್‌ಮೆಂಟ್ ತೆಗೆಸಿ. ಕೈಗೆ ಕೊಟ್ಟಿದ್ದರೆ ಅಗ್ರಿಮೆಂಟಿನಲ್ಲಿ ಮೊತ್ತ ಬರೆದಿದೆಯಲ್ಲ, ಅದೇ ಆಧಾರ.

ಅಗ್ರಿಮೆಂಟ್ ಕಡಿಮೆ ಮೊತ್ತದ ಇ-ಸ್ಟಾಂಪ್ ಮೇಲೆ ಇದ್ದರೂ ಗಾಬರಿ ಬೇಡ. ಕರ್ನಾಟಕ ಸ್ಟಾಂಪ್ ಕಾಯ್ದೆ, 1957ರ 34ನೇ ಸೆಕ್ಷನ್ ಪ್ರಕಾರ ಸ್ಟಾಂಪ್ ಕಡಿಮೆ ಇರುವ ಕರಾರನ್ನು ಕೋರ್ಟ್ ಹಾಗೇ ಓದುವುದಿಲ್ಲ. ಕಡಿಮೆ ಬಿದ್ದ ಸುಂಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟಿದರೆ ಓದುತ್ತದೆ. ಸಣ್ಣ ಬಾಡಿಗೆ ಕರಾರಿನಲ್ಲಿ ಈ ಮೊತ್ತ ಮನೆ ಮುಳುಗಿಸುವಷ್ಟು ಇರುವುದಿಲ್ಲ.

ಪೊಲೀಸ್ ಠಾಣೆ ಬೇಡ. ಹೋದರೆ 'ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ' ಅನ್ನುತ್ತಾರೆ. ಜನ ಇದನ್ನು ಪೊಲೀಸರ ಅಸಡ್ಡೆ ಎಂದುಕೊಳ್ಳುತ್ತಾರೆ, ಆದರೆ ಈ ವಿಷಯದಲ್ಲಿ ಅವರು ಹೇಳುವುದು ಸರಿ. ಹಣದ ಲೆಕ್ಕದಲ್ಲಿ ಜಗಳ ಬಂದರೆ ಅದು ವಂಚನೆ ಆಗುವುದಿಲ್ಲ. ವಂಚನೆ ಎನ್ನಬೇಕಾದರೆ ಅಡ್ವಾನ್ಸ್ ತೆಗೆದುಕೊಂಡ ದಿನವೇ ಮೋಸದ ಉದ್ದೇಶ ಇರಬೇಕು. ಮೂರು ವರ್ಷ ಮನೆ ಕೊಟ್ಟವರ ಮೇಲೆ ಹಾಗೆ ಹೇಳಲಾಗದು. ಅವರ ಹೆಸರು ಹಾಕಿ ಫೇಸ್‌ಬುಕ್‌ನಲ್ಲಿ ಬರೆಯುವ ಯೋಚನೆ ಇದ್ದರೆ ಅದನ್ನೂ ಬಿಡಿ. ಈಗ ಬಲ ನಿಮ್ಮ ಕಡೆ ಇದೆ, ಮಾನನಷ್ಟದ ಮಾತು ಎದ್ದರೆ ಅದು ಆ ಕಡೆ ಹೋಗುತ್ತದೆ.

15 ದಿನ ಕಳೆದು ಉತ್ತರ ಬರದಿದ್ದರೆ ಮಂಗಳೂರಿನ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ, ಅಲ್ಲಿಗೆ ಹೋಗಿ. ಕೇಸ್ ಹಾಕುವ ಮೊದಲೇ ರಾಜಿಗೆ ಅರ್ಜಿ ಕೊಡಬಹುದು. ಕೋರ್ಟ್ ಫೀ ಇಲ್ಲ. ಅವರು ಓನರ್‌ಗೆ ನೋಟಿಸ್ ಕಳಿಸಿ ಇಬ್ಬರನ್ನೂ ಲೋಕ ಅದಾಲತ್‌ನಲ್ಲಿ ಕೂರಿಸುತ್ತಾರೆ. ಕೋರ್ಟಿನ ಮುದ್ರೆ ಇರುವ ಆ ಕಾಗದ ಮನೆಗೆ ಬಂದರೆ, ಲೀಗಲ್ ನೋಟಿಸ್‌ಗೆ ತೊಡೆ ತಟ್ಟಿದವರೂ ಕನ್ನಡಕ ಹಾಕಿಕೊಂಡು ಎರಡು ಸಲ ಓದುತ್ತಾರೆ. ಲೋಕ ಅದಾಲತ್‌ನಲ್ಲಿ ಒಪ್ಪಂದವಾದರೆ ಅದು ಕೋರ್ಟಿನ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ 20,000ಕ್ಕೆ ಒಪ್ಪುವುದಾದರೆ ಯೋಚಿಸಿ ಒಪ್ಪಿ. ಆಮೇಲೆ ಮನಸ್ಸು ಬದಲಾಯಿತು ಎಂದರೆ ನಡೆಯದು. ಅವರು ಬರಲೇ ಇಲ್ಲ ಎಂದಾದರೆ ಎಳೆದು ತರುವ ಅಧಿಕಾರ ಅಲ್ಲಿ ಇಲ್ಲ, ಸಿವಿಲ್ ಕೋರ್ಟಿನಲ್ಲಿ ಹಣ ವಸೂಲಿಯ ದಾವೆ ಹಾಕಬೇಕು. ಅದಕ್ಕೆ ಮೂರು ವರ್ಷ ಸಮಯ ಇದೆ. ಕೀ ಕೊಟ್ಟ ದಿನದಿಂದ ಹಿಡಿದರೆ 2028ರ ಜೂನ್ ಕೊನೆಯೊಳಗೆ. ವಕೀಲರಿಗೆ ಕೊಡಲು ಹಣ ಎಲ್ಲಿಂದ ಎಂಬ ಚಿಂತೆ ಇದ್ದರೆ ಕೇಳಿ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಅರ್ಜಿಯಲ್ಲಿ ನಿಮ್ಮ ಹೆಸರೇ ಇರಲಿ. ಅದಕ್ಕೆ ಅಗ್ರಿಮೆಂಟಿನಲ್ಲಿ ಸಹಿ ಯಾರದ್ದು ಎಂದು ಒಮ್ಮೆ ನೋಡಿ. ಗಂಡನದ್ದು ಮಾತ್ರ ಆಗಿದ್ದರೆ ಕೇಳಬೇಕಾದವರು ಅವರು. ಮನೆಯಿಂದಲೇ ಕೇಳಿ ತಿಳಿಯಲು 15100 ಎಂಬ ಸಹಾಯವಾಣಿ ಇದೆ.

ಒಂದು ಅಡ್ಡ ಮಾತು. ಓನರ್‌ಗಳೆಲ್ಲ ದುಷ್ಟರು ಎಂದು ನಾನು ಹೇಳುತ್ತಿಲ್ಲ. ಉಡುಪಿಯಲ್ಲಿ ನಮ್ಮ ಅಮ್ಮನ ಮನೆಯೂ ಬಾಡಿಗೆಗೆ ಇದೆ. ಒಬ್ಬರು ಕೊನೆಯ ನಾಲ್ಕು ತಿಂಗಳ ಬಾಡಿಗೆ ಕೊಡದೆ, 'ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ' ಎಂದು ಹೇಳಿ ಹೋದರು. ಹೋದ ಮೇಲೆ ನೋಡಿದರೆ ಬಾವಿಯ ಪಂಪ್ ಸುಟ್ಟಿತ್ತು, ಹಿಡಿದುಕೊಳ್ಳಲು ಅಡ್ವಾನ್ಸ್ ಉಳಿದಿರಲಿಲ್ಲ. ಅಡ್ವಾನ್ಸ್ ಬಾಡಿಗೆಗೆ ಬದಲಿ ಅಲ್ಲ. ಓನರ್ ಕೊಡುವುದಿಲ್ಲ ಎಂಬ ಹೆದರಿಕೆಗೆ ಮೊದಲೇ ಬಾಡಿಗೆ ನಿಲ್ಲಿಸುವವರು ತಾವೇ ಕರಾರು ಮುರಿದಂತೆ. ನೀವು ಕೊನೆಯ ತಿಂಗಳವರೆಗೆ ಬಾಡಿಗೆ ಕೊಟ್ಟಿದ್ದೀರಿ ಎಂದುಕೊಂಡು ಮೇಲಿನ ಲೆಕ್ಕ ಮಾಡಿದ್ದೇನೆ. ಅವರ ಚೀಟಿಯಲ್ಲಿ ಬಾಕಿ ಎಂದು ಇಲ್ಲವಲ್ಲ.

ಇನ್ನು ಕಾವೂರಿನ ಮನೆ. ನಂಬಿಕೆ ಬೇಕು. ಅಗ್ರಿಮೆಂಟೂ ಬೇಕು. ಕಾಗದ ಇಲ್ಲದೆ ಬಾಡಿಗೆ ನಡೆಯುವುದಿಲ್ಲ ಎಂದಲ್ಲ. ಬಾಯಿಮಾತಿನಲ್ಲಿ ಮನೆ ಕೊಟ್ಟು, ಕೀ ಒಪ್ಪಿಸಿದರೂ ತಿಂಗಳ ಬಾಡಿಗೆ ಕಾನೂನುಬದ್ಧವೇ. ಆಗಲೂ ಓನರ್ ತಾನಾಗಿ ಬೀಗ ಜಡಿದು ನಿಮ್ಮನ್ನು ಹೊರಗೆ ಹಾಕುವ ಹಾಗಿಲ್ಲ. ಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಕೆಳಗೆ ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮನೆಯನ್ನು ವಾಪಸ್ ಪಡೆಯಬಹುದು. ಆದರೆ ಅಡ್ವಾನ್ಸ್ ಎಷ್ಟು, ಸೋರಿದರೆ ಯಾರು ನೋಡಬೇಕು, ಪೇಂಟಿಂಗ್ ಯಾರದ್ದು, ಇದನ್ನೆಲ್ಲ ಮೂರು ವರ್ಷ ಕಳೆದ ಮೇಲೆ ನೆನಪಿನಿಂದ ಹೇಳುವವರು ಇಬ್ಬರು, ನೆನಪುಗಳೂ ಎರಡು. ಬಿಜೈಯಲ್ಲಿ ನಿಮ್ಮನ್ನು ಈಗ ಕಾಯುತ್ತಿರುವುದು ಆ ಹಳೇ ಕಾಗದದ ಒಂದು ಸಾಲು, 'ದೊಡ್ಡ ರಿಪೇರಿ ಓನರ್‌ದು' ಎಂಬುದು. ಅದನ್ನೇ ಹೊಸ ಓನರ್‌ಗೆ ಹೇಳಿ. 'ಅಂಕಲ್, ನಿಮಗಾಗಿ ಅಲ್ಲ, ನಮ್ಮ ಆಫೀಸಿಗೆ ಬೇಕು' ಎಂದರೂ ಆಗುತ್ತದೆ. ಎಚ್‌ಆರ್‌ಎ (ಸಂಬಳದ ಮನೆ ಬಾಡಿಗೆ ಭತ್ಯೆ) ತೋರಿಸಲು ಬಾಡಿಗೆ ಕಾಗದ ಕೇಳುವುದು ಎಲ್ಲರಿಗೂ ಗೊತ್ತಿರುವ ವಿಷಯ.

ಕೀ ಸಿಕ್ಕಿದ ದಿನ, ಸಾಮಾನು ಇಳಿಸುವ ಮೊದಲು, ಖಾಲಿ ಮನೆಯ ಒಂದು ವಿಡಿಯೊ ತೆಗೆಯಿರಿ. ಸೀಲಿಂಗಿನ ಮೂಲೆಗಳು, ಕಿಟಕಿಯ ನೆಟ್, ನಲ್ಲಿ, ಮೀಟರಿನ ರೀಡಿಂಗ್ ಎಲ್ಲಾ ಕಾಣಲಿ. ಅದೇ ದಿನ ಓನರ್‌ಗೆ ಕಳಿಸಿ. ಮತ್ತೆ ಮೊದಲ ಮಳೆಗಾಲದಲ್ಲಿ, ಜುಲೈಯಲ್ಲಿ, ಅದೇ ಮೂಲೆಗಳ ಇನ್ನೊಂದು ವಿಡಿಯೊ. ಬೇಸಿಗೆಯಲ್ಲಿ ನೋಡಿದ ಮನೆಯೂ ಆಟಿಯಲ್ಲಿ ನೋಡಿದ ಮನೆಯೂ ನಮ್ಮ ಊರಿನಲ್ಲಿ ಒಂದೇ ಅಲ್ಲ. ಮತ್ತೆ ಕ್ರೇಯಾನ್ ಕಲಾವಿದರಿಗೆ ಒಂದು ದೊಡ್ಡ ಡ್ರಾಯಿಂಗ್ ಶೀಟ್ ಗೋಡೆಗೆ ಅಂಟಿಸಿಕೊಡಿ. ಟೇಪಿನ ಗುರುತು ಸವೆತದಲ್ಲಿ ಬರುತ್ತದೆ.